ಕಂಪನಿಗಳ ಆಯುಷ್ಯ ಮತ್ತು ಲೆಕ್ಕಪರಿಶೋಧಕರ ಸಹಿ: ಒಂದು ಚಾರಿತ್ರಿಕ ನೋಟ



ವೈದ್ಯಶಾಸ್ತ್ರವನ್ನು ಓದಿ ಅದರಿಂದಲೇ ಅನ್ನ ಸಂಪಾದಿಸುತ್ತಿರುವ ನಾವು ಲೆಕ್ಕಪತ್ರಗಳ ಚರಿತ್ರೆಯನ್ನು ಕುರಿತು ಮಾತನಾಡಲು ನಿಂತಿರುವುದು ನಿಮಗೆ ವಿಚಿತ್ರವಾಗಿ ತೋರಬಹುದು. ಇದಕ್ಕೆ ಕಾರಣವಾದದ್ದು ನಮಗೆ ಪರಿಚಿತವಾದ ಕುಟುಂಬವೊಂದು ಕೇಳಿದ ಪ್ರಶ್ನೆ. ಆ ಮನೆಯ ಯಜಮಾನರು ಹದಿನಾಲ್ಕು ವರ್ಷ ದುಡಿದ ಕಂಪನಿ ಒಂದು ಶುಕ್ರವಾರ ಬಾಗಿಲು ಹಾಕಿತು. ಸಂಬಳ ನಿಂತಿತು, ನಿವೃತ್ತಿಗೆಂದು ಕೂಡಿಟ್ಟ ಹಣದ ದೊಡ್ಡ ಪಾಲು ಅದೇ ಕಂಪನಿಯ ಷೇರುಗಳಲ್ಲಿದ್ದುದರಿಂದ ಅದೂ ಕರಗಿಹೋಯಿತು. "ಎಂಟು ತಿಂಗಳ ಹಿಂದೆಯಷ್ಟೇ ಲೆಕ್ಕಪರಿಶೋಧಕರು ಎಲ್ಲ ಸರಿಯಾಗಿದೆಯೆಂದು ಸಹಿ ಹಾಕಿದ್ದರಲ್ಲ ಡಾಕ್ಟರೆ, ಆ ಸಹಿಗೆ ಅರ್ಥವೇನು?" ಎಂದು ಆ ಮನೆಯ ಗೃಹಿಣಿ ಕೇಳಿದರು. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತಾ ಹೋದಾಗ ಕಂಡದ್ದನ್ನು ಇಂದು ನಿಮ್ಮ ಮುಂದಿಡಬಯಸುತ್ತೇವೆ. ಹುಡುಕುವಾಗ ನಮಗೆ ಅಚ್ಚರಿಯಾದದ್ದು ಒಂದೇ ವಿಷಯ: ಲೆಕ್ಕಪರಿಶೋಧಕರು ಕಳೆದ ನೂರೈವತ್ತು ವರ್ಷಗಳಿಂದ ತೊಳಲಾಡುತ್ತಿರುವ ಪ್ರಶ್ನೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಾವು ದಿನವೂ ಎದುರಿಸುವ ಪ್ರಶ್ನೆಯೇ ಆಗಿದೆ. ಈತ ಬದುಕುವನೆ? ಬದುಕುವುದು ಅನುಮಾನವಾದರೆ ಅದನ್ನು ಯಾರಿಗೆ, ಯಾವಾಗ, ಹೇಗೆ ಹೇಳಬೇಕು?

ಮೊದಲು ಒಂದು ಪದದ ಅರ್ಥವನ್ನು ತಿಳಿದುಕೊಳ್ಳೋಣ. ಲೆಕ್ಕಶಾಸ್ತ್ರದಲ್ಲಿ 'ಗೋಯಿಂಗ್ ಕನ್ಸರ್ನ್' ಎಂಬ ಮಾತಿದೆ. ನಡೆಯುತ್ತಿರುವ, ಮುಂದೆಯೂ ನಡೆಯಲಿರುವ ಸಂಸ್ಥೆ ಎಂದು ಅದರ ತಾತ್ಪರ್ಯ. ಮಂಡ್ಯದ ಕಡೆಯ ಒಂದು ಸಕ್ಕರೆ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿರುವ ದೊಡ್ಡ ಬಾಯ್ಲರ್ ಇಪ್ಪತ್ತು ವರ್ಷ ಬಾಳಿಕೆ ಬರುವಂಥದು. ಕಬ್ಬು ಬರುತ್ತಿರುವವರೆಗೆ, ಗಾಣ ತಿರುಗುತ್ತಿರುವವರೆಗೆ ಅದರ ಖರೀದಿಯ ಬೆಲೆಯನ್ನು ಇಪ್ಪತ್ತು ವರ್ಷಗಳಿಗೆ ಹಂಚಿ, ವರ್ಷಕ್ಕಿಷ್ಟು ಸವಕಳಿಯೆಂದು ಕಳೆಯುತ್ತಾ ಉಳಿದದ್ದನ್ನು ಆಸ್ತಿಯೆಂದು ಬರೆದುಕೊಳ್ಳುವುದು ನ್ಯಾಯ. ಆದರೆ ಕಾರ್ಖಾನೆ ಮುಂದಿನ ವರ್ಷ ಮುಚ್ಚುವುದಾದರೆ? ಆಗ ಅದೇ ಬಾಯ್ಲರ್ ತೂಕದ ಲೆಕ್ಕದಲ್ಲಿ ಮಾರಾಟವಾಗುವ ಹಳೆಯ ಕಬ್ಬಿಣವಷ್ಟೆ. ಯಂತ್ರ ಅದೇ, ಸ್ಥಳ ಅದೇ. ಸಂಸ್ಥೆ ಉಳಿಯುವುದೋ ಇಲ್ಲವೋ ಎಂಬ ಒಂದು ಊಹೆಯಿಂದ ಬೆಲೆ ಮಾತ್ರ ಬೇರೆಯಾಗುತ್ತದೆ. ಕಂಪನಿಯ ಆಸ್ತಿ ಮತ್ತು ಹೊಣೆಗಳ ಪಟ್ಟಿಯ ಪ್ರತಿಯೊಂದು ಸಾಲೂ ಈ ಊಹೆಯ ಮೇಲೆ ನಿಂತಿದೆ. ಇಂಗ್ಲೆಂಡಿನ ಲಾರೆನ್ಸ್ ಡಿಕ್ಸಿಯವರು 1892ರಲ್ಲಿ ಲೆಕ್ಕಪರಿಶೋಧನೆಯ ಮೇಲೆ ತಮ್ಮ ಪ್ರಸಿದ್ಧ ಗ್ರಂಥವನ್ನು ಹೊರತಂದ ಕಾಲಕ್ಕೆ ಈ ವಿಚಾರ ಆ ವೃತ್ತಿಯವರಿಗೆ ಪರಿಚಿತವಾಗತೊಡಗಿತ್ತು. ಆದರೆ ಆಗ ಅದು ಕೇವಲ ಊಹೆ. ಅದನ್ನು ಪರೀಕ್ಷಿಸಿ ನೋಡಬೇಕೆಂಬ ಕರ್ತವ್ಯ ಯಾರ ಮೇಲೂ ಇರಲಿಲ್ಲ.

ಪರೀಕ್ಷೆಯೇ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಜಗತ್ತಿಗೆ ತೋರಿಸಿದ್ದು ಸ್ಕಾಟ್ಲೆಂಡಿನ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕು. 1839ರಲ್ಲಿ ಸ್ಥಾಪನೆಯಾದ ಈ ಬ್ಯಾಂಕಿಗೆ 133 ಶಾಖೆಗಳಿದ್ದವು. 1878ರ ಬೇಸಗೆಯಲ್ಲಿ ಅದು ತನ್ನ ಷೇರುದಾರರಿಗೆ ಶೇಕಡ 12ರ ಲಾಭಾಂಶವನ್ನು ಘೋಷಿಸಿತು. ಅದೇ ವರ್ಷದ ಅಕ್ಟೋಬರ್ 2ರಂದು ಬಾಗಿಲು ಹಾಕಿತು. ಒಳಗೆ ಇಳಿದು ನೋಡಿದಾಗ ಕೆಲವೇ ವ್ಯಾಪಾರಸ್ಥರಿಗೆ ಕೊಟ್ಟ ಭಾರೀ ಸಾಲಗಳು ಎಂದೋ ಮುಳುಗಿದ್ದವೆಂಬುದೂ, ಅವನ್ನು ಮುಚ್ಚಿಡಲು ಸುಳ್ಳು ಲೆಕ್ಕಗಳನ್ನು ಬರೆದಿದ್ದರೆಂಬುದೂ ಬೆಳಕಿಗೆ ಬಂದವು. ಆ ಬ್ಯಾಂಕಿಗೆ ಹೊರಗಿನ ಲೆಕ್ಕಪರಿಶೋಧಕರೇ ಇರಲಿಲ್ಲ. ಅಷ್ಟೇ ಅಲ್ಲ, ಅದರ ಷೇರುದಾರರ ಹೊಣೆಗೆ ಮಿತಿಯೂ ಇರಲಿಲ್ಲ. ನೂರು ಪೌಂಡಿನ ಷೇರು ಹೊಂದಿದ್ದವರು ಮೊದಲು 500 ಪೌಂಡು, ಅನಂತರ ಮತ್ತೆ 2,250 ಪೌಂಡು ತುಂಬಬೇಕಾಯಿತು. 1,819 ಷೇರುದಾರರಲ್ಲಿ ಕೊನೆಗೆ ದಿವಾಳಿಯಾಗದೆ ಉಳಿದವರು 254 ಮಂದಿ. ಉಳಿದವರಲ್ಲಿ ಗಂಡಂದಿರು ಬಿಟ್ಟುಹೋದ ಷೇರಿನ ಆದಾಯವನ್ನೇ ನಂಬಿದ್ದ ವಿಧವೆಯರೂ ಇದ್ದರು. ಬ್ಯಾಂಕಿನ ನಿರ್ದೇಶಕರು ಮತ್ತು ಮ್ಯಾನೇಜರು 1879ರ ಆರಂಭದಲ್ಲಿ ಎಡಿನ್‌ಬರೋದ ನ್ಯಾಯಾಲಯದಿಂದ ಸೆರೆಮನೆಗೆ ಹೋದರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಹೊಸ ಕಂಪನಿ ಕಾಯಿದೆಯನ್ನು ತಂದು, ಮಿತ ಹೊಣೆಯ ಬ್ಯಾಂಕುಗಳಾಗಿ ಮುಂದೆ ನೋಂದಾಯಿಸಿಕೊಳ್ಳುವವರು ಪ್ರತಿವರ್ಷ ಲೆಕ್ಕಪರಿಶೋಧನೆ ಮಾಡಿಸತಕ್ಕದ್ದೆಂದು ವಿಧಿಸಿತು.

ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಕ್ರಮ ಇದು: ಒಂದು ಸಾವು, ಅದರ ಬೆನ್ನಿಗೆ ಒಂದು ನಿಯಮ. ಶವಪರೀಕ್ಷೆಯಿಂದ ವೈದ್ಯಶಾಸ್ತ್ರ ಬೆಳೆದ ಹಾಗೆಯೇ ಲೆಕ್ಕಪರಿಶೋಧನೆಯೂ ಬೆಳೆಯಿತೆನ್ನಬಹುದು.

ಆದರೆ ಪರಿಶೋಧಕ ಎಷ್ಟು ಆಳಕ್ಕೆ ಇಳಿಯಬೇಕು? 1896ರಲ್ಲಿ ಕಿಂಗ್‌ಸ್ಟನ್ ಕಾಟನ್ ಮಿಲ್ ಎಂಬ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಬಂದಿತು. ಮಿಲ್ಲಿನ ವ್ಯವಸ್ಥಾಪಕ ದಾಸ್ತಾನಿನ ಬೆಲೆಯನ್ನು ವರ್ಷಗಟ್ಟಲೆ ಹೆಚ್ಚಿಸಿ ತೋರಿಸಿದ್ದ. ಪರಿಶೋಧಕರು ಅವನ ಪ್ರಮಾಣಪತ್ರವನ್ನೇ ನಂಬಿದ್ದರು. ಪರಿಶೋಧಕನು ಮನೆ ಕಾಯುವ ನಾಯಿಯೇ ಹೊರತು ವಾಸನೆ ಹಿಡಿದು ಬೆನ್ನಟ್ಟುವ ಬೇಟೆನಾಯಿಯಲ್ಲ ಎಂಬ ಅರ್ಥ ಬರುವಂತೆ ನ್ಯಾಯಮೂರ್ತಿ ಲೋಪ್ಸ್ ಅವರು ಹೇಳಿದರು, ಪರಿಶೋಧಕರನ್ನು ಹೊಣೆಗಾರರನ್ನಾಗಿಸಲಿಲ್ಲ. ಬಹುಕಾಲ ಈ ತೀರ್ಪು ವೃತ್ತಿಗೆ ನೆರಳಾಗಿತ್ತು. ಆ ನೆರಳು ಅಮೆರಿಕದಲ್ಲಿ ಚದುರಿದ್ದು 1938ರಲ್ಲಿ. ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧಿ ಕಂಪನಿಯ 8.7 ಕೋಟಿ ಡಾಲರ್ ಆಸ್ತಿಯಲ್ಲಿ ಸುಮಾರು 1.9 ಕೋಟಿ ಡಾಲರ್ ಕೇವಲ ಕಾಗದದ ಮೇಲಿತ್ತೆಂದು ಆಗ ತಿಳಿಯಿತು. ಲೆಕ್ಕದಲ್ಲಿದ್ದ ಔಷಧಿಗಳ ದಾಸ್ತಾನು ಯಾವ ಉಗ್ರಾಣದಲ್ಲಿಯೂ ಇರಲಿಲ್ಲ. ಅಂದಿನಿಂದ ಪರಿಶೋಧಕರು ಉಗ್ರಾಣಕ್ಕೆ ಹೋಗಿ ದಾಸ್ತಾನಿನ ಎಣಿಕೆಯನ್ನು ಕಣ್ಣಾರೆ ನೋಡುವುದೂ, ಸಾಲಗಾರರಿಂದ ನೇರವಾಗಿ ಖಾತರಿ ಪಡೆಯುವುದೂ ಕಡ್ಡಾಯವಾಯಿತು. ರೋಗಿಯ ಮಾತನ್ನು ಕೇಳಿ ಔಷಧಿ ಬರೆಯುವುದನ್ನು ಬಿಟ್ಟು ನಾಡಿ ಹಿಡಿದು ನೋಡುವ ಹಂತಕ್ಕೆ ವೃತ್ತಿ ಬಂದಿತೆಂದು ಇದನ್ನು ಹೇಳಬಹುದು.

ಇಷ್ಟಾದರೂ ಇದೆಲ್ಲವೂ ಕಳೆದ ವರ್ಷದ ಪರೀಕ್ಷೆ. ನಾಳೆಯ ಮಾತು ಬೇರೆ. ನಾಳೆಯನ್ನು ಅಳೆಯಲು ಒಂದು ಅಂಕಗಣಿತವನ್ನು ಒದಗಿಸಿದವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎಡ್ವರ್ಡ್ ಆಲ್ಟ್‌ಮನ್. 1968ರಲ್ಲಿ ಅವರು 66 ಉತ್ಪಾದನಾ ಕಂಪನಿಗಳನ್ನು ತೆಗೆದುಕೊಂಡರು. ಅರ್ಧ ದಿವಾಳಿಯಾದವು, ಅರ್ಧ ಬದುಕುಳಿದವು. ಕೈಯಲ್ಲಿ ಓಡಾಡುವ ಬಂಡವಾಳ, ಹಿಂದಿನಿಂದ ಕೂಡಿಟ್ಟ ಲಾಭ, ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಗಳಿಕೆ, ಸಾಲಕ್ಕೆ ಎದುರಾಗಿ ಷೇರುಗಳ ಪೇಟೆಬೆಲೆ, ಆಸ್ತಿಗೆ ಹೋಲಿಸಿದ ಮಾರಾಟ ಎಂಬ ಐದು ಲಕ್ಷಣಗಳನ್ನು ತೂಗಿ ಒಂದೇ ಅಂಕಿಯಾಗಿ ಕೂಡಿಸಿದರು. ಆ ಅಂಕಿ 2.99ಕ್ಕಿಂತ ಮೇಲಿದ್ದರೆ ಕ್ಷೇಮ, 1.81ಕ್ಕಿಂತ ಕೆಳಗಿದ್ದರೆ ಅಪಾಯ, ನಡುವೆ ಇದ್ದರೆ ಮಬ್ಬು. ಹೆರಿಗೆ ಕೋಣೆಯಲ್ಲಿ ನಿಂತವರಿಗೆಲ್ಲ ಇದು ಪರಿಚಿತ ವಿಧಾನ. ವರ್ಜೀನಿಯಾ ಆಪ್‌ಗಾರ್ ಎಂಬ ವೈದ್ಯೆ 1953ರಲ್ಲಿ ಪ್ರಕಟಿಸಿದ, ನವಜಾತ ಶಿಶುವಿನ ಐದು ಲಕ್ಷಣಗಳಿಗೆ ಅಂಕ ಕೊಡುವ ಪದ್ಧತಿಯನ್ನು ನಾವು ಇಂದಿಗೂ ಬಳಸುತ್ತೇವೆ. ಆದರೆ ಆ ಅಂಕ ಗಮನ ಸೆಳೆಯುತ್ತದೆಯೇ ಹೊರತು ಮಗುವಿನ ಜಾತಕವನ್ನು ಬರೆಯುವುದಿಲ್ಲ. ಆಲ್ಟ್‌ಮನ್ನರ ಅಂಕಿಯೂ ಹಾಗೆಯೇ.

ಕರ್ತವ್ಯ ಹುಟ್ಟಿದ್ದು ಇನ್ನೂ ತಡವಾಗಿ. ಅಮೆರಿಕದ ಪರಿಶೋಧಕರ ಸಂಘ 1981ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಕಂಪನಿಯ ಉಳಿವನ್ನು ಅನುಮಾನಿಸುವಂತಹ ಸಂಗತಿ ಕೆಲಸದ ನಡುವೆ ಕಣ್ಣಿಗೆ ಬಿದ್ದರೆ ಪರಿಶೋಧಕ ಅದನ್ನು ಯೋಚಿಸಬೇಕಿತ್ತು. ಬೀಳದಿದ್ದರೆ ಹುಡುಕಬೇಕಾದ ಹೊಣೆ ಇರಲಿಲ್ಲ. 1988ರ ನಿಯಮ ಇದನ್ನು ತಿರುಗಿಸಿತು. ಪ್ರತಿಯೊಂದು ಪರಿಶೋಧನೆಯಲ್ಲಿಯೂ, ಲೆಕ್ಕದ ದಿನದಿಂದ ಒಂದು ವರ್ಷಕ್ಕೆ ಮೀರದ ಅವಧಿಯಲ್ಲಿ ಈ ಸಂಸ್ಥೆ ನಡೆಯುವ ಬಗ್ಗೆ ಗಣನೀಯ ಸಂದೇಹವಿದೆಯೆ ಎಂದು ಕೇಳಿಕೊಳ್ಳಲೇಬೇಕಾಯಿತು. 1995ರಲ್ಲಿ ಅಮೆರಿಕದ ಕಾಂಗ್ರೆಸ್ಸು ಸಾರ್ವಜನಿಕ ಕಂಪನಿಗಳ ವಿಷಯದಲ್ಲಿ ಇದನ್ನು ಕಾನೂನಿಗೇ ಸೇರಿಸಿತು. 2014ರಲ್ಲಿ ಬಂದ ಲೆಕ್ಕನಿಯಮವು ಈ ಪ್ರಶ್ನೆಯನ್ನು ಮೊದಲು ಕಂಪನಿಯ ಆಡಳಿತವೇ ಕೇಳಿಕೊಂಡು ಉತ್ತರಿಸಬೇಕೆಂದು ವಿಧಿಸಿ, ವರ್ಷದ ಎಣಿಕೆಯನ್ನು ಲೆಕ್ಕಪತ್ರ ಪ್ರಕಟವಾದ ದಿನದಿಂದ ಆರಂಭಿಸಿತು. ಭಾರತದಲ್ಲಿಯೂ ಬಹುಪಾಲು ದೊಡ್ಡ ಕಂಪನಿಗಳ ಪರಿಶೋಧಕರು, ಕಂಪನಿಯು ಒಂದು ವರ್ಷದೊಳಗೆ ಸಲ್ಲಬೇಕಾದ ಸಾಲಗಳನ್ನು ತೀರಿಸಬಲ್ಲದೆ ಎಂಬುದನ್ನು ಕುರಿತು ತಮ್ಮ ಅಭಿಪ್ರಾಯವನ್ನು ಬರೆಯಬೇಕೆಂದು ಸರ್ಕಾರದ 2020ರ ಆದೇಶ ಹೇಳುತ್ತದೆ.

ಪರಿಶೋಧಕರು ಇದನ್ನು ಹೇಗೆ ನಿರ್ಣಯಿಸುತ್ತಾರೆ? ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಲಕ್ಷಣಗಳ ಶೋಧ. ವರ್ಷ ವರ್ಷವೂ ನಷ್ಟವಾಗುತ್ತಿದೆಯೆ? ಕಾಗದದ ಮೇಲೆ ಲಾಭವಿದ್ದರೂ ವ್ಯವಹಾರದಿಂದ ನಗದು ಹಣ ಬರುತ್ತಿಲ್ಲವೆ? ಬ್ಯಾಂಕಿನ ಕಂತು ತಪ್ಪಿದೆಯೆ? ಉದ್ದರಿ ಕೊಡುತ್ತಿದ್ದ ಸರಬರಾಜುದಾರರು ಈಗ ಮುಂಗಡ ಹಣ ಕೇಳುತ್ತಿದ್ದಾರೆಯೆ? ದೊಡ್ಡ ಗಿರಾಕಿ ಕೈಬಿಟ್ಟನೆ, ಪರವಾನಗಿ ಹೋಯಿತೆ, ಭಾರೀ ಮೊಕದ್ದಮೆ ತಲೆಯ ಮೇಲಿದೆಯೆ? ಎರಡನೆಯದು ಚಿಕಿತ್ಸೆಯ ಪರಿಶೀಲನೆ. ಆಡಳಿತ ವರ್ಗ ಆಸ್ತಿ ಮಾರುತ್ತೇವೆ, ಹೊಸ ಸಾಲ ತರುತ್ತೇವೆ, ಖರ್ಚು ಕಡಿಯುತ್ತೇವೆ ಎನ್ನುತ್ತದೆ. ಕೊಳ್ಳುವವರು ನಿಜವಾಗಿ ಇದ್ದಾರೆಯೆ, ಸಾಲ ಕೊಡುವವನು ಬರೆದುಕೊಟ್ಟಿದ್ದಾನೆಯೆ, ಮುಂದಿನ ಹನ್ನೆರಡು ತಿಂಗಳ ಹಣದ ಅಂದಾಜಿನಲ್ಲಿ ಮಾರಾಟ ಸ್ವಲ್ಪ ಕುಸಿದರೆ ಏನು ಗತಿ ಎಂದು ಪರಿಶೋಧಕ ಸಾಕ್ಷ್ಯ ಕೇಳಬೇಕು. ಮೂರನೆಯದು ನುಡಿಯುವುದು. ಸಂದೇಹ ತೀರಿದರೆ ಸರಿ. ತೀರದೆ ಉಳಿದು ಕಂಪನಿ ಅದನ್ನು ಲೆಕ್ಕಪತ್ರದಲ್ಲಿ ಬಿಚ್ಚಿ ಹೇಳಿದ್ದರೆ, ವರದಿಯಲ್ಲಿ ಅದಕ್ಕೆಂದೇ ಪ್ರತ್ಯೇಕ ಭಾಗವನ್ನು ಬರೆದು ಓದುಗರ ಗಮನ ಸೆಳೆಯಬೇಕು. ಕಂಪನಿ ಮುಚ್ಚಿಟ್ಟರೆ, ಲೆಕ್ಕಪತ್ರ ಸರಿಯಿಲ್ಲವೆಂದೇ ಹೇಳಬೇಕು.

ಎರಡು ಉದಾಹರಣೆಗಳನ್ನು ಅಕ್ಕಪಕ್ಕದಲ್ಲಿಡುತ್ತೇವೆ. ಮೊದಲನೆಯದು ಬ್ರಿಟನ್ನಿನ ಕಾರಿಲಿಯನ್ ಎಂಬ ಕಟ್ಟಡ ನಿರ್ಮಾಣ ಕಂಪನಿ. ಅದರ 2016ನೆಯ ವರ್ಷದ ಲೆಕ್ಕಕ್ಕೆ ಕೆಪಿಎಂಜಿ ಸಂಸ್ಥೆಯ ಪರಿಶೋಧಕರು 2017ರ ಮಾರ್ಚ್‌ನಲ್ಲಿ ಯಾವ ಎಚ್ಚರಿಕೆಯೂ ಇಲ್ಲದೆ ಸಹಿ ಹಾಕಿದರು. ಜುಲೈನಲ್ಲಿ ಕಂಪನಿ 84.5 ಕೋಟಿ ಪೌಂಡಿನ ನಷ್ಟವನ್ನು ಒಪ್ಪಿಕೊಂಡಿತು. 2018ರ ಜನವರಿ 15ರಂದು ಮುಳುಗಿದಾಗ ಹೊಣೆಗಳು ಸುಮಾರು 700 ಕೋಟಿ ಪೌಂಡು, ಕೈಯಲ್ಲಿದ್ದ ನಗದು ಕೇವಲ 2.9 ಕೋಟಿ. ಅದು ಕಟ್ಟುತ್ತಿದ್ದ ಎರಡು ದೊಡ್ಡ ಆಸ್ಪತ್ರೆಗಳ ಕೆಲಸ ಅರ್ಧಕ್ಕೆ ನಿಂತಿತು. ಲಿವರ್‌ಪೂಲಿನದು ರೋಗಿಗಳಿಗೆ ತೆರೆದದ್ದು 2022ರಲ್ಲಿ, ಬರ್ಮಿಂಗ್‌ಹ್ಯಾಮ್ ಬಳಿಯದು 2024ರಲ್ಲಿ. ಕಂಪನಿಯ ಮೂಲ ವ್ಯವಹಾರವೇ ನಷ್ಟದಲ್ಲಿದ್ದು ತಾತ್ಕಾಲಿಕ ಉಪಾಯಗಳಿಂದ ಹಣ ಹೊಂದಿಸಲಾಗುತ್ತಿದೆ ಎಂಬ ಹಲವು ಸೂಚನೆಗಳಿಗೆ ಪರಿಶೋಧಕರು ಸ್ಪಂದಿಸಲಿಲ್ಲವೆಂದು ನಿಯಂತ್ರಣ ಮಂಡಲಿ ತೀರ್ಮಾನಿಸಿ, 2023ರಲ್ಲಿ ಕೆಪಿಎಂಜಿಗೆ 2.1 ಕೋಟಿ ಪೌಂಡು ದಂಡ ವಿಧಿಸಿತು. ಜ್ವರದ ಮಾತ್ರೆ ನುಂಗಿ ಬಂದ ರೋಗಿಗೆ ಥರ್ಮಾಮೀಟರ್ ಇಟ್ಟು ಜ್ವರವಿಲ್ಲವೆಂದು ಕಳುಹಿಸಿದಂತಾಯಿತು.

ಎರಡನೆಯದು ನಮ್ಮ ಬೆಂಗಳೂರಿನದು. 2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್, ಕ್ಯಾಪ್ಟನ್ ಗೋಪಿನಾಥ್ ಅವರು ಕಟ್ಟಿದ ಏರ್ ಡೆಕ್ಕನ್ನನ್ನು ತನ್ನೊಳಗೆ ಸೇರಿಸಿಕೊಂಡು ದೊಡ್ಡದಾಗಿ ಬೆಳೆದರೂ ಲಾಭದ ಮುಖವನ್ನು ಕಾಣಲಿಲ್ಲ. ಇಲ್ಲಿ ಪರಿಶೋಧಕರು ಸುಮ್ಮನಿರಲಿಲ್ಲ. ಕಂಪನಿ ಮುಂದುವರಿಯುವುದು ಹೊಸ ಬಂಡವಾಳ ಬರುವುದನ್ನು ಅವಲಂಬಿಸಿದೆಯೆಂಬ ಎಚ್ಚರಿಕೆ 2011ರ ವಾರ್ಷಿಕ ವರದಿಯಲ್ಲಿಯೇ ಅಚ್ಚಾಗಿತ್ತು. ಆದರೂ ಮರುವರ್ಷ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದರು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನೆಲಕ್ಕಿಳಿದವು, ಪರವಾನಗಿ ಅಮಾನತಾಯಿತು, ಬ್ಯಾಂಕುಗಳ ಸಹಸ್ರಾರು ಕೋಟಿ ರೂಪಾಯಿ ಬಾಕಿ ಉಳಿಯಿತು. ಕಾರಿಲಿಯನ್ನಿನಲ್ಲಿ ಹೇಳಬೇಕಾದವರು ಹೇಳಲಿಲ್ಲ. ಬೆಂಗಳೂರಿನಲ್ಲಿ ಹೇಳಿದ್ದು ಸಾಮಾನ್ಯ ನೌಕರನ ಮನೆಯವರೆಗೆ ತಲುಪಲಿಲ್ಲ. ನಷ್ಟ ಅನುಭವಿಸಿದವರಿಗೆ ಎರಡೂ ಒಂದೇ.

ಹಾಗಾದರೆ ಪರಿಶೋಧಕರು ಸಂದೇಹ ಬಂದಾಗಲೆಲ್ಲ ಗಂಟೆ ಬಾರಿಸಬಾರದೆ? ಇಲ್ಲಿಯೇ ನಿಜವಾದ ಸಂಕಟವಿದೆ. ಅನೇಕ ಸಾಲಪತ್ರಗಳಲ್ಲಿ, ಪರಿಶೋಧಕರು ಇಂಥ ಸಂದೇಹ ಬರೆದರೆ ಸಾಲವನ್ನು ಕೂಡಲೇ ಹಿಂದಿರುಗಿಸಬೇಕೆಂಬ ಷರತ್ತಿರುತ್ತದೆ. ಎಚ್ಚರಿಕೆಯ ಸುದ್ದಿ ಕೇಳಿ ಸರಬರಾಜುದಾರ ಉದ್ದರಿ ನಿಲ್ಲಿಸುತ್ತಾನೆ, ಗಿರಾಕಿ ಬೇರೆಡೆ ಹೋಗುತ್ತಾನೆ. ಸಾಯಬಹುದೆಂಬ ಮಾತೇ ಸಾವನ್ನು ಹತ್ತಿರ ತರಬಹುದು. ಇನ್ನೊಂದು ಕಡೆ, ಪರಿಶೋಧಕನಿಗೆ ಹಣ ಕೊಡುವುದು ಅದೇ ಕಂಪನಿ. ಅಮೆರಿಕದಲ್ಲಿ ನಡೆದ ಹಲವು ಅಧ್ಯಯನಗಳ ಸಾರಾಂಶ ಹೀಗಿದೆ: ದಿವಾಳಿಯಾದ ಸಾರ್ವಜನಿಕ ಕಂಪನಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕೊನೆಯ ವರದಿಯಲ್ಲಿ ಎಚ್ಚರಿಕೆಯೇ ಇರಲಿಲ್ಲ, ಎಚ್ಚರಿಕೆ ಪಡೆದವುಗಳಲ್ಲಿ ಹೆಚ್ಚಿನವು ಮರುವರ್ಷ ದಿವಾಳಿಯಾಗಲೂ ಇಲ್ಲ. ಎರಡು ಬಗೆಯ ತಪ್ಪುಗಳೂ ನಮಗೆ ವೈದ್ಯರಿಗೆ ಚಿರಪರಿಚಿತ. ರೋಗವನ್ನು ಕಾಣದೆ ಹೋಗುವುದು ಒಂದು, ಇಲ್ಲದ ರೋಗಕ್ಕೆ ಹೆದರಿಸುವುದು ಇನ್ನೊಂದು.

ನಾವು ವೃತ್ತಿಗೆ ಬಂದ ಕಾಲದಲ್ಲಿ ನಮ್ಮೂರಿನ ಹಿರಿಯ ವೈದ್ಯರು ಗುಣವಾಗದ ರೋಗವನ್ನು ರೋಗಿಗೆ ಹೇಳುತ್ತಿರಲಿಲ್ಲ. ಹಿರಿಮಗನನ್ನು ಪಕ್ಕಕ್ಕೆ ಕರೆದು ಪಿಸುಮಾತಿನಲ್ಲಿ ಹೇಳುತ್ತಿದ್ದರು. ಅದರಲ್ಲಿ ಕರುಣೆಯಿತ್ತು, ನಿಜ. ಆದರೆ ಕೆಲವು ರೋಗಿಗಳು ಆಸ್ತಿಯ ಪತ್ರ ಮಾಡದೆ, ದೂರದ ಮಗಳನ್ನು ನೋಡದೆ ಕಣ್ಮುಚ್ಚಿದ್ದನ್ನೂ ನಾವು ಕಂಡಿದ್ದೇವೆ. ಈ ದೇಶಕ್ಕೆ ಬಂದು ತರಬೇತಿ ಪಡೆಯುವಾಗ ಕಲಿತ ಪಾಠವೆಂದರೆ, ಎಷ್ಟು ದಿನವೆಂದು ಹೇಳಲಾಗದಿದ್ದರೂ ಅನುಮಾನವಿದೆಯೆಂದು ಹೇಳಬಹುದು, ಹೇಳಬೇಕು ಎಂಬುದು. ಲೆಕ್ಕಪರಿಶೋಧನೆಯ ನೂರೈವತ್ತು ವರ್ಷಗಳ ಚರಿತ್ರೆಯೂ ಇದೇ ಸ್ಥಳಕ್ಕೆ ಬಂದು ತಲುಪಿದೆ. ಈ ಕಂಪನಿ ಉಳಿಯುವುದೆ ಎಂಬ ಪ್ರಶ್ನೆಗೆ ಯಾವ ಪರಿಶೋಧಕನೂ ಉತ್ತರಿಸಲಾರ. ಅನುಮಾನವಿದೆಯೆ, ಇದ್ದರೆ ಅದನ್ನು ಅರಿಯುವ ಹಕ್ಕುಳ್ಳವರಿಗೆ ತಿಳಿಸಲಾಗಿದೆಯೆ ಎಂಬ ಚಿಕ್ಕ ಪ್ರಶ್ನೆಗೆ ಅವನು ಪ್ರಾಮಾಣಿಕವಾಗಿ ಉತ್ತರಿಸಬಲ್ಲ. ಗ್ಲಾಸ್ಗೋದ ವಿಧವೆಯರಿಗೆ ದೊರೆಯದೆ ಹೋದದ್ದು ಈ ಚಿಕ್ಕ ಉತ್ತರವೇ.

ಆದುದರಿಂದ ಆ ಸೋದರಿಯ ಪ್ರಶ್ನೆಗೆ ನಾವು ಈಗ ಕೊಡಬಹುದಾದ ಉತ್ತರ ಇಷ್ಟು. ಆ ಸಹಿ ಕಂಪನಿಯ ಆಯುಷ್ಯಕ್ಕೆ ಕೊಟ್ಟ ಭರವಸೆಯಾಗಿರಲಿಲ್ಲ. ಎಚ್ಚರಿಕೆ ಇಲ್ಲದಿರುವುದು ಭರವಸೆಯಲ್ಲವೆಂದು ನಿಯಮಗಳೇ ಹೇಳುತ್ತವೆ. ಅದು ಆ ದಿನದವರೆಗೆ, ದೊರೆತ ಸಾಕ್ಷ್ಯದ ಮೇಲೆ, ಒಂದು ವರ್ಷದ ದೂರಕ್ಕೆ ಹಾಯಿಸಿದ ನೋಟ. ನೋಟ ಸಮರ್ಪಕವಾಗಿತ್ತೆ ಎಂದು ಕೇಳುವ ಹಕ್ಕು ನಿಮಗಿದೆ, ಮತ್ತು ಅಂಥ ಪ್ರಶ್ನೆಗಳಿಂದಲೇ ನಿಯಮಗಳು ಬಿಗಿಯಾಗಿವೆ. ಆದರೆ ನೋಡುವ ಕೆಲಸವನ್ನು ಪೂರ್ತಿಯಾಗಿ ಮತ್ತೊಬ್ಬರಿಗೆ ವಹಿಸುವುದು ಸಲ್ಲದು.

ನಮ್ಮಲ್ಲಿ ಅನೇಕರ ಅನ್ನ ಒಂದೊಂದು ಕಂಪನಿಯನ್ನು ನಂಬಿದೆ. ವರ್ಷಕ್ಕೊಮ್ಮೆ ಬರುವ ವರದಿಯಲ್ಲಿ ಬಣ್ಣದ ಚಿತ್ರಗಳನ್ನು ದಾಟಿ ಪರಿಶೋಧಕರ ಪುಟಕ್ಕೆ ಹೋಗಿ, 'ಗೋಯಿಂಗ್ ಕನ್ಸರ್ನ್' ಎಂಬ ಎರಡು ಪದಗಳಿಗಾಗಿ ಹುಡುಕಿ. ಅವುಗಳ ಪಕ್ಕದಲ್ಲಿ ಸಂದೇಹದ ಮಾತಿದ್ದರೆ ನಿಧಾನವಾಗಿ ಓದಿ. ಲಾಭದ ಅಂಕಿಯ ಜೊತೆಗೆ ವ್ಯವಹಾರದಿಂದ ಬಂದ ನಗದಿನ ಅಂಕಿಯನ್ನೂ ನೋಡಿ. ಸಂಬಳ ಬರುವ ಮನೆಯಲ್ಲಿಯೇ ಉಳಿತಾಯವನ್ನೆಲ್ಲ ಇಡಬೇಡಿ. ಹಾಲೂ ಬೆಣ್ಣೆಯೂ ಒಂದೇ ನೆಲುವಿನಲ್ಲಿದ್ದರೆ ಹಗ್ಗ ಹರಿದ ದಿನ ಎರಡೂ ನೆಲದ ಪಾಲು.